ಅಟ್ಟದ ಗಂಟನ್ನು ರದ್ದಿಗೆ ಹಾಕುವ ಮುಂಚೆ

ಹಳೇ ಮನೆ ಕೆಡವುವ ದಿನ ಅಟ್ಟದಿಂದ ಇಳಿಯುವ ಸಾಮಾನಿಗೆ ಒಂದು ಸರತಿ ಇರುತ್ತದೆ. ಮೊದಲು ತಾಮ್ರದ ಹಂಡೆ, ಹಿತ್ತಾಳೆ ಕೊಡ. ಅವುಗಳ ಸುತ್ತ ಅಣ್ಣತಮ್ಮಂದಿರೆಲ್ಲ ಸೇರುತ್ತಾರೆ. ಆಮೇಲೆ ಸಾಗವಾನಿ ಜಂತಿ, ಬಾಗಿಲ ಚೌಕಟ್ಟು. ಅವನ್ನು ಕೊಳ್ಳಲು ಹುಬ್ಬಳ್ಳಿಯಿಂದ ಜನ ಬರುತ್ತಾರೆ. ಕಟ್ಟಕಡೆಗೆ ಮಾಸಿದ ಕೆಂಪು ಅರಿವೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಉದ್ದನೆಯ ವಹಿಗಳು, ಖಾತೆ ಕಿರ್ದಿಗಳು, ನಾಲ್ಕಾರು ಹುಂಡಿ ಚೀಟಿ, ಇಲಿ ಕಡಿದ ಅಂಚು. ಅಕ್ಷರ ಮೋಡಿ ಲಿಪಿಯದೋ, ಗುಮಾಸ್ತನೊಬ್ಬ ಕೈ ಎತ್ತದೆ ಗೀಚಿದ ಹಳೇ ಕನ್ನಡದ್ದೋ, ಮನೆಯಲ್ಲಿ ಒಬ್ಬರಿಗೂ ಓದಲು ಬಾರದು. “ಯಾವ ಕಾಲದ್ದೋ ಏನೋ, ಒಯ್ರಿ ಅತ್ಲಾಗ” ಎಂಬ ಮಾತಿನೊಂದಿಗೆ ಗಂಟು ಗುಜರಿಯವನ ತಕ್ಕಡಿ ಏರುತ್ತದೆ. ಕಿಲೋಕ್ಕೆ ಹತ್ತೋ ಹನ್ನೆರಡೋ ರೂಪಾಯಿ.

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಭಾಗದ ಹಳೇ ಅಡತಿ ಮನೆತನಗಳು, ದೇಸಾಯರ ವಾಡೆಗಳು, ಕುಲಕರ್ಣಿ ಮನೆಗಳಲ್ಲಿ ಇನ್ನೂ ಉಳಿದಿರುವ ಇಂಥ ಕಾಗದಕ್ಕೆ ಹೆಚ್ಚೆಂದರೆ ಹತ್ತು ವರ್ಷ ಆಯುಷ್ಯ ಎಂಬುದು ನಮ್ಮ ಅಂದಾಜು. ಆಮೇಲೆ ಹುಡುಕಿದರೂ ಸಿಗಲಾರದು. ಅದಕ್ಕೇ ಈಗ ಈ ಎಚ್ಚರಿಕೆ. ಹೋಗುವುದು ಬರಿಯ ಮನೆತನದ ಲೆಕ್ಕವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಈ ವಹಿಗಳ ಇನ್ನೊಂದು ತುದಿ ಚೀನಾದಲ್ಲಿದೆ.

ನವಲಗುಂದ ಎಲ್ಲಿ, ಚೀನಾ ಎಲ್ಲಿ ಎಂದು ನಗಬೇಡಿ. ನಮ್ಮ ಕಡೆ ಮನೆಗೆ ಬಂದವರಿಗೆ “ಚಾ ಕುಡದ ಹೋಗ್ರಿ” ಎನ್ನುವಾಗ ನಾವು ಆಡುವುದು ಚೀನಿ ಮಾತನ್ನೇ. ಆ ಚಹಾದಿಂದಲೇ ಕಥೆ ಶುರುವಾಗುತ್ತದೆ. 1784ರಲ್ಲಿ ಇಂಗ್ಲೆಂಡಿನ ಸಂಸತ್ತು ಚಹಾದ ಮೇಲಿನ ಸುಂಕವನ್ನು ನೂರಕ್ಕೆ ನೂರಕ್ಕಿಂತ ಮೇಲಿದ್ದದ್ದರಿಂದ ಹನ್ನೆರಡೂವರೆಗೆ ಇಳಿಸಿತು. ಅಲ್ಲಿ ಚಹಾ ಕುಡಿಯುವವರು ಹೆಚ್ಚಿದರು, ಈಸ್ಟ್ ಇಂಡಿಯಾ ಕಂಪನಿ ಕ್ಯಾಂಟನ್ ಬಂದರಿನಲ್ಲಿ ಕೊಳ್ಳುವ ಚಹಾ ಹೆಚ್ಚಿತು. ಚೀನಿಯರು ಬೆಳ್ಳಿ ಕೇಳಿದರು. ಕಂಪನಿಯ ಹತ್ತಿರ ಅಷ್ಟು ಬೆಳ್ಳಿ ಇರಲಿಲ್ಲ. ಇಂಗ್ಲೆಂಡಿನ ಉಣ್ಣೆಯ ಬಟ್ಟೆ ಕ್ಯಾಂಟನ್ನಿನ ಬಿಸಿಲಿಗೆ ಯಾರಿಗೂ ಬೇಡ. ಬೇಕಾದದ್ದು ಹತ್ತಿ. ಗುವಾಂಗ್‌ಡಾಂಗ್ ಪ್ರಾಂತದ ನೇಕಾರರಿಗೆ ಮುಂಬಯಿಯಿಂದ ಅರಳೆ ಹೋಗತೊಡಗಿತು. ಅದರ ಹಣದಿಂದ ಚಹಾ ಬಂತು. 1820ರ ದಶಕದಲ್ಲಿ ಅಫೀಮು ಮೇಲಾಗುವ ತನಕ ಭಾರತದಿಂದ ಕ್ಯಾಂಟನ್‌ಗೆ ಹೋಗುತ್ತಿದ್ದ ಸರಕಿನಲ್ಲಿ ಹತ್ತಿಯದೇ ಮೊದಲ ಸ್ಥಾನ.

ಆರಂಭದಲ್ಲಿ ಅದು ಹೆಚ್ಚಾಗಿ ಗುಜರಾತಿನ ಹತ್ತಿ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಕಂಪನಿಯ ಕೈಗೆ ಬಂದ ಮೇಲೆ ನಮ್ಮ ಎರೆಹೊಲದ ಹತ್ತಿಯೂ ಅದೇ ಹಾದಿ ಹಿಡಿಯಿತು. ಹಾದಿ ಎಂದರೆ ಎತ್ತಿನ ಹಾದಿ. ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಇಟ್ಟು, ಅದನ್ನು ಪಾದದಿಂದ ಉರುಳಿಸುತ್ತ ಕಾಳು ಬೇರೆ ಅರಳೆ ಬೇರೆ ಮಾಡುತ್ತಿದ್ದರು. ಅರಳೆ ಅಂಡಿಗೆಯಾಗಿ ಎತ್ತಿನ ಬೆನ್ನೇರಿ, ಲಂಬಾಣಿಗರ ಹಿಂಡಿನೊಂದಿಗೆ ಘಟ್ಟ ಇಳಿಯುತ್ತಿತ್ತು. ಒಂದು ದಾರಿ ಶಿರಸಿ, ದೇವಿಮನೆ ಘಟ್ಟದಿಂದ ಕುಮಟಾಕ್ಕೆ. ಇನ್ನೊಂದು ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟದಿಂದ ಕಡಲಿಗೆ. ಕುಮಟಾದಿಂದ ಪತ್ತೆಮಾರಿ ಹಡಗಿನಲ್ಲಿ ಮುಂಬಯಿ. ಬೆಳೆದದ್ದು ನಮ್ಮಲ್ಲಿ, ಹೆಸರು ಬಂದದ್ದು ಬಂದರಿಗೆ: ಮುಂಬಯಿ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ ‘ಕುಮಟಾ’ ಎಂದೇ ಕರೆದರು. ಮುಂಬಯಿ ಗೋದಿಯಲ್ಲಿ ಅಂಡಿಗೆಗಳು ಒಂದರೊಳಗೊಂದು ಬೆರೆತು, ಒತ್ತಿ ಬಿಗಿದು, ಕೆಲವು ಪೂರ್ವಕ್ಕೆ ಕೆಲವು ಪಶ್ಚಿಮಕ್ಕೆ ಹಡಗು ಹತ್ತಿದವು.

ಇಲ್ಲಿಂದ ಮುಂದಿನ ಕಥೆ ಬಲ್ಲವರು ಬಹಳ ಮಂದಿ. ಎಚ್. ಬಿ. ಮೋರ್ಸ್ ಎಂಬವರು ಕಂಪನಿಯ ಕ್ಯಾಂಟನ್ ವ್ಯಾಪಾರವನ್ನು ವರ್ಷ ವರ್ಷದ ಲೆಕ್ಕದೊಂದಿಗೆ ಐದು ಸಂಪುಟಗಳಲ್ಲಿ ಬರೆದರು. ಮೈಕೆಲ್ ಗ್ರೀನ್‌ಬರ್ಗ್ 1951ರಲ್ಲಿ ಖಾಸಗಿ ವ್ಯಾಪಾರಿಗಳ ಕಾಗದ ಓದಿ ಅಫೀಮು ಯುದ್ಧಕ್ಕೆ ಮುಂಚಿನ ವ್ಯಾಪಾರದ ಒಳಗುಟ್ಟು ಬಿಡಿಸಿದರು. ನಮ್ಮ ಕಾಲದಲ್ಲಿ ಮಾಧವಿ ಥಂಪಿ, ಶಾಲಿನಿ ಸಕ್ಸೇನಾ ಅವರು ಮುಂಬಯಿ ನಗರ ಕಟ್ಟಿದ್ದರಲ್ಲಿ ಚೀನಾ ವ್ಯಾಪಾರದ ಪಾಲೆಷ್ಟು ಎಂದು ತೋರಿಸಿದ್ದಾರೆ. ಚೀನಾ ಕಡೆಯಿಂದ, ಷೀ ಚಿಂಗಾವೊ ಎಂಬ ನಾವಿಕ ಪರದೇಶಿ ಹಡಗುಗಳಲ್ಲಿ ವರ್ಷಗಟ್ಟಲೆ ತಿರುಗಿ, ಕಣ್ಣು ಕಳೆದುಕೊಂಡ ಮೇಲೆ 1820ರ ಸುಮಾರಿಗೆ ಬಾಯಲ್ಲಿ ಹೇಳಿ ಬರೆಸಿದ ‘ಹೈ ಲು’ ಎಂಬ ಪುಸ್ತಕವಿದೆ. ಅದರಲ್ಲಿ ಹಿಂದುಸ್ತಾನದ ಬಂದರುಗಳ ವರ್ಣನೆಯುಂಟು. ಚಿಂಗ್ ಅರಮನೆ ಭಾರತವನ್ನು ಎಷ್ಟು ಅರಿತಿತ್ತು, ಎಷ್ಟು ತಪ್ಪು ಅರಿತಿತ್ತು ಎಂಬುದರ ಮೇಲೇ ಮ್ಯಾಥ್ಯೂ ಮೋಸ್ಕಾ ಎಂಬವರ ದೊಡ್ಡ ಗ್ರಂಥ 2013ರಲ್ಲಿ ಬಂತು.

ಈ ವಿದ್ವತ್ತೆಲ್ಲ ಕಾಗದದ ಮೇಲೆ ನಿಂತದ್ದು. ಕ್ಯಾಂಟನ್‌ನಲ್ಲಿ ಹತ್ತಿ, ಅಫೀಮು ಮಾರಿದ ಜಾರ್ಡಿನ್ ಮ್ಯಾಥಿಸನ್ ಕಂಪನಿಯ ಕಾಗದ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅವರಿಗೆ ಮುಂಬಯಿಯಿಂದ ಸರಕು ಕಳಿಸುತ್ತಿದ್ದ ಜಮ್‌ಶೆಟ್‌ಜಿ ಜೀಜೀಭಾಯಿಯ ಪತ್ರದ ಪುಸ್ತಕಗಳು ಮುಂಬಯಿ ವಿಶ್ವವಿದ್ಯಾಲಯದಲ್ಲಿವೆ. ಸರದಿಯಲ್ಲಿ ಅವನ ಹಿಂದೆ ನಿಂತವನು ಕುಮಟಾದ ದಲಾಲಿ, ಅವನ ಹಿಂದೆ ಅಣ್ಣಿಗೇರಿಯ ಅಡತಿ, ಅವನ ಹಿಂದೆ ಹೊಲದವನು. ಈ ಮೂವರ ಕಾಗದ ಎಲ್ಲಿದೆ? ಅಟ್ಟದ ಮೇಲೆ, ಇಲ್ಲವೆ ತಕ್ಕಡಿಯ ಮೇಲೆ.

ಒಂದು ಮಾತು ಮೊದಲೇ ಹೇಳಬೇಕು. ಈ ವಹಿಗಳಲ್ಲಿ ‘ಚೀನಾ’ ಎಂಬ ಪದ ಹುಡುಕಿ ಹೊರಟವನಿಗೆ ಬಹುಶಃ ನಿರಾಶೆಯೇ ಗತಿ. ಅಣ್ಣಿಗೇರಿಯ ಗುಮಾಸ್ತನಿಗೆ ಲೋಕ ಕುಮಟಾದಲ್ಲಿ ಮುಗಿಯುತ್ತಿತ್ತು. ಅವನು ಬರೆದದ್ದು ಇಷ್ಟೇ: ಯಾರ ಹತ್ತಿ, ಎಷ್ಟು ತೂಕ, ಮುಂಗಡ ಎಷ್ಟು, ಎತ್ತಿನ ಬಾಡಿಗೆ ಎಷ್ಟು, ಹಾದಿಯಲ್ಲಿ ಸುಂಕ ಎಷ್ಟು, ಹುಂಡಿ ಯಾವ ಪೇಢಿಯ ಮೇಲೆ. ಇತಿಹಾಸಕಾರನಿಗೆ ಬೇಕಾದದ್ದು ಇದೇ. ಚೀನಾದಲ್ಲಿ ಹತ್ತಿ ಬೆಳೆ ಚೆನ್ನಾಗಿ ಬಂದ ವರ್ಷ ಕ್ಯಾಂಟನ್‌ನಲ್ಲಿ ಭಾರತದ ಹತ್ತಿಗೆ ಗಿರಾಕಿ ಕಡಿಮೆ. ಕೆಟ್ಟ ವರ್ಷ ಬೆಲೆ ಏರಿಕೆ. ಆ ಏರಿಳಿತದ ಬಿಸಿ ನವಲಗುಂದದ ಹೊಲದವನಿಗೆ ಎಷ್ಟು ತಿಂಗಳ ಮೇಲೆ ತಟ್ಟಿತು? ಲಾಭ ಬಂದಾಗ ಅವನವರೆಗೆ ಬಂತೇ, ನಷ್ಟ ಮಾತ್ರ ಬಂತೇ? ಕೇಂಬ್ರಿಜ್‌ನ ಕಾಗದ ಇದಕ್ಕೆ ಉತ್ತರ ಹೇಳಲಾರದು. ಮಾರಿದವನ ವಹಿ ಹೇಳಬಲ್ಲದು.

1842ನೆಯ ವರ್ಷವನ್ನೇ ತೆಗೆದುಕೊಳ್ಳಿ. ಆ ಆಗಸ್ಟ್‌ನಲ್ಲಿ ನಾನ್‌ಜಿಂಗ್ ಒಪ್ಪಂದವಾಗಿ ಚೀನಾ ಐದು ಬಂದರುಗಳನ್ನು ತೆರೆಯಿತು, ಹಾಂಗ್‌ಕಾಂಗ್ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ ನಮ್ಮ ಜಿಲ್ಲೆಗೆ ಕಂಪನಿ ಸರಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆತಂದಿತ್ತು. ಮರ್ಸರ್ ಎಂಬವನು ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಸರಕಾರಿ ಹೊಲ ನಡೆಸಿದ. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ಎರೆಮಣ್ಣಿಗೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. ರೈತರ ಬಾಯಲ್ಲಿ ಅದು ವಿಲಾಯಿತಿ ಹತ್ತಿ. ಹಳೆಯ ಹತ್ತಿ ಆವಾಗಲೇ ಜವಾರಿ ಆದದ್ದು. ಲ್ಯಾಂಕಾಶೈರ್ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಚೀನಾದ ಕೈಮಗ್ಗಕ್ಕೆ ಗಿಡ್ಡ ಎಳೆಯೇ ಸಾಕು. ಅಂದರೆ ನಮ್ಮ ರೈತ ಯಾವ ಬೀಜ ಬಿತ್ತಿದ ಎಂಬುದರಲ್ಲೇ ಅವನ ಮೋರೆ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿತ್ತು. ಅಮೆರಿಕದ ಅಂತರ್ಯುದ್ಧ 1861ರಿಂದ 65ರವರೆಗೆ ನಡೆದಾಗ ಹತ್ತಿಗೆ ಚಿನ್ನದ ಬೆಲೆ ಬಂತು. ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆಗೆ ಕೆನರಾ ಜಿಲ್ಲೆಯನ್ನೇ ಸೀಳಿ, 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಗೆ ನೀರು, ಕಾಳು, ಮಣ್ಣು ಬೆರೆಸುವವರೂ ಹೆಚ್ಚಿ, 1863ರಲ್ಲಿ ಮುಂಬಯಿ ಸರಕಾರ ಅದಕ್ಕೊಂದು ಕಾಯಿದೆಯನ್ನೇ ಮಾಡಬೇಕಾಯಿತು. (ಬೆರಕೆ ಯಾರು ಮಾಡಿದರು ಎಂಬ ತಕರಾರಿನಲ್ಲಿ ರೈತ ಅಡತಿಯ ಮೇಲೆ, ಅಡತಿ ದಲಾಲಿಯ ಮೇಲೆ, ದಲಾಲಿ ರೈತನ ಮೇಲೆ ಬೆರಳು ತೋರಿಸುವುದು ಇವತ್ತಿನ ಎಪಿಎಂಸಿಯಲ್ಲೂ ಕಾಣುವ ನೋಟವೇ.) 1865ರಲ್ಲಿ ಯುದ್ಧ ಮುಗಿದು ಬೆಲೆ ಬಿತ್ತು. ಯಾರ ಮನೆ ಎದ್ದಿತು, ಯಾರ ಹೊಲ ಹೋಯಿತು ಎಂಬ ಲೆಕ್ಕವೂ ಆ ಕೆಂಪು ಅರಿವೆಯಲ್ಲೇ ಇದೆ.

ಚೀನಾ ವ್ಯಾಪಾರ ನಮಗೆ ಚಹಾದ ಜೊತೆಗೆ ಇನ್ನೊಂದನ್ನೂ ಕಳಿಸಿತು. ನಮ್ಮ ಅಜ್ಜಿಯರು ಒಂದು ಮಾತು ಹೇಳುತ್ತಿದ್ದರು: “ಇಲಿ ಬಿದ್ದಾವ.” ಅಷ್ಟು ಕೇಳಿದರೆ ಸಾಕು, ಊರಿಗೆ ಊರೇ ಬಾಗಿಲಿಗೆ ಮುಳ್ಳು ಹಚ್ಚಿ ಹೊಲದ ಗುಡಿಸಲಿಗೆ ಹೋಗುತ್ತಿತ್ತು. ಪ್ಲೇಗು. 1894ರಲ್ಲಿ ಕ್ಯಾಂಟನ್, ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿಯ ಗೋದಿ ಪಕ್ಕದ ಮಾಂಡವಿ, 1898ರಲ್ಲಿ ಹುಬ್ಬಳ್ಳಿ. ಕ್ಯಾರೊಲ್ ಬೆನೆಡಿಕ್ಟ್ ಎಂಬ ವಿದ್ವಾಂಸೆ 1996ರ ತಮ್ಮ ಪುಸ್ತಕದಲ್ಲಿ ಇದರ ಬೆನ್ನು ಹತ್ತಿ ಹೋಗಿ, ಚೀನಾದ ನೈಋತ್ಯ ಮೂಲೆಯ ಯುನ್ನಾನ್‌ನಿಂದ ಅಫೀಮು ಸಾಗಿದ ದಾರಿಯಲ್ಲೇ ಪ್ಲೇಗೂ ಕಡಲ ತಡಿಗೆ ಇಳಿಯಿತು ಎಂದು ತೋರಿಸಿದರು. ಅವರು ಆಧಾರ ಮಾಡಿಕೊಂಡದ್ದು ಜಿಲ್ಲಾ ವೃತ್ತಾಂತಗಳು, ಊರಿನವರ ಬರಹಗಳು. ಯುನ್ನಾನ್‌ನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಶಿ ದಾವೊನಾನ್ ಎಂಬ ತರುಣ ಕವಿ ಇಲಿ ಸಾಯುವುದರ ಮೇಲೆ ಒಂದು ಪದ್ಯ ಬರೆದು, ತಾನೂ ಅದೇ ಬೇನೆಗೆ ತುತ್ತಾದ. ನಮ್ಮ ಅಜ್ಜಿಯ ಮಾತು, ಅವನ ಪದ್ಯ ಎರಡೂ ಒಂದೇ ಸೂಚನೆಯನ್ನು ಗುರುತು ಹಿಡಿದಿದ್ದವು. ಇಲಿಗೂ ಪ್ಲೇಗಿಗೂ ನಡುವೆ ಚಿಗಟ ಇದೆ ಎಂದು ಪೌಲ್ ಲೂಯಿ ಸೀಮೊಂ ಎಂಬ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಹಾಫ್ಕಿನ್‌ನ ಪ್ಲೇಗು ಲಸಿಕೆಯನ್ನು ಅದೇ ವರ್ಷ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಿಸಿದ. ಹುಬ್ಬಳ್ಳಿಯ ಹೆಸರು ಲಸಿಕೆಯ ಚರ್ಚೆಯಲ್ಲಿ ಲಂಡನ್ ಮುಟ್ಟಿತು. ಹಳ್ಳಿಗಳಲ್ಲಿ ಏನಾಯಿತು? ಒಬ್ಬ ಅಡತಿಯ ಕಿರ್ದಿಯಲ್ಲಿ ಯಾವ ತಿಥಿಗೆ ಬರವಣಿಗೆ ನಿಂತಿತು, ಎಷ್ಟು ತಿಂಗಳ ಮೇಲೆ ಬೇರೆ ಕೈ ಅಕ್ಷರದಲ್ಲಿ ಮತ್ತೆ ಶುರುವಾಯಿತು, ಇಷ್ಟೇ ಒಂದು ಊರಿನ ಪ್ಲೇಗಿನ ಚರಿತ್ರೆ ಆದೀತು.

ಇಷ್ಟು ಹೇಳಿದ ಮೇಲೂ “ಹಳೇ ರದ್ದಿಗೆ ಇಷ್ಟು ಆರ್ಭಟವೇ” ಎನ್ನುವವರು ಚೀನಾದ್ದೇ ರದ್ದಿಯ ಕಥೆ ಕೇಳಬೇಕು.

ಬೀಜಿಂಗ್ ಅರಮನೆಯ ಕಾಗದದ ಉಗ್ರಾಣ 1909ರಲ್ಲಿ ದುರಸ್ತಿಗೆ ಬಂತು. ಒಳಗಿದ್ದ ಮಿಂಗ್, ಚಿಂಗ್ ಕಾಲದ ಕಡತಗಳು ‘ನಿರುಪಯೋಗಿ’ ಎಂದು ಸುಡಲು ಅಪ್ಪಣೆಯಾಯಿತು. ಲುವೊ ಝೆನ್ಯು ಎಂಬ ವಿದ್ವಾಂಸ ಮೇಲಿನವರನ್ನು ಹಿಡಿದು ಹೇಗೋ ತಪ್ಪಿಸಿದ. ಅರಸೊತ್ತಿಗೆ ಬಿತ್ತು, ಗಣರಾಜ್ಯ ಬಂತು. ಕಡತಗಳು ಸುಮಾರು ಎಂಟು ಸಾವಿರ ಗೋಣಿಚೀಲದಲ್ಲಿ ಕೊಳೆಯುತ್ತ ಬಿದ್ದವು. 1921ರಲ್ಲಿ ಅವುಗಳನ್ನು ಕಾಯಬೇಕಾದ ಇತಿಹಾಸ ವಸ್ತುಸಂಗ್ರಹಾಲಯವೇ ದುಡ್ಡಿಲ್ಲವೆಂದು ಎಪ್ಪತ್ತೈದು ಟನ್ನಿನಷ್ಟನ್ನು ಒಂದು ಕಾಗದದಂಗಡಿಗೆ ನಾಲ್ಕು ಸಾವಿರ ಬೆಳ್ಳಿ ನಾಣ್ಯಕ್ಕೆ ತೂಗಿ ಕೊಟ್ಟಿತು. ಸುದ್ದಿ ತಿಳಿದ ಲುವೊ ಮರುವರ್ಷ ಸಾಲಸೋಲ ಮಾಡಿ ಮೂರು ಪಟ್ಟು ಬೆಲೆಗೆ ತಿರುಗಿ ಕೊಂಡ. ಲೇಖಕ ಲು ಶುನ್ 1927ರಲ್ಲಿ ಈ ಪ್ರಸಂಗದ ಮೇಲೆ ಕಟಕಿ ತುಂಬಿದ ಪ್ರಬಂಧವನ್ನೇ ಬರೆದ. ಇಂದು ತೈಪೆಯ ಸಂಶೋಧನಾ ಸಂಸ್ಥೆಯಲ್ಲಿ ಮೂರು ಲಕ್ಷಕ್ಕೂ ಮೇಲಿರುವ ಆ ಕಾಗದಗಳಿಲ್ಲದೆ ಚಿಂಗ್ ಆಡಳಿತದ ಚರಿತ್ರೆ ಬರೆಯುವ ಹಾಗೇ ಇಲ್ಲ.

ಅದು ಅರಮನೆಯ ಮಾತಾಯಿತು. ಹಳ್ಳಿಯದನ್ನು ಕೇಳಿ. 1939ರಲ್ಲಿ ಜಪಾನಿನ ಬಾಂಬಿಗೆ ಹೆದರಿ ಫುಜಿಯಾನ್ ಪ್ರಾಂತದ ಒಂದು ಹಳ್ಳಿ ಮನೆಯಲ್ಲಿ ಅಡಗಿದ್ದ ಫು ಯಿಲಿಂಗ್ ಎಂಬ ತರುಣ ವಿದ್ವಾಂಸನಿಗೆ ಅಲ್ಲೊಂದು ಪೆಟ್ಟಿಗೆ ಸಿಕ್ಕಿತು. ಒಳಗೆ ನೂರಕ್ಕೂ ಹೆಚ್ಚು ಹೊಲದ ಖರೀದಿ ಪತ್ರ, ಸಾಲ ಪತ್ರ, ಗೇಣಿ ಲೆಕ್ಕ. ಮಿಂಗ್ ಕಾಲದಿಂದ ಗಣರಾಜ್ಯದ ತನಕದ್ದು. ಹೊತ್ತು ಹೋಗದೆ ಓದುತ್ತ ಕೂತ. ಚೀನಾದ ಸಾಮಾಜಿಕ ಆರ್ಥಿಕ ಚರಿತ್ರೆ ಎಂಬ ಶಾಸ್ತ್ರಕ್ಕೆ ಆ ಪೆಟ್ಟಿಗೆ ಒಂದು ಬುನಾದಿ. ಹುಯಿಝೌ ಎಂಬ ವ್ಯಾಪಾರಿಗಳ ಸೀಮೆಯಲ್ಲಿ 1950ರ ದಶಕದಲ್ಲಿ ಮನೆ ಮನೆಯ ವಹಿ, ಕರಾರು ಪತ್ರ ಕಾಗದದ ಗಿರಣಿಗೆ ಹೋಗುತ್ತಿದ್ದವು. ಝೆಂಗ್ ಝೆಂದುವೊ ಎಂಬ ವಿದ್ವಾಂಸ ಕೂಗು ಹಾಕಿದ ಮೇಲೆ ತುನ್‌ಷಿ ಪಟ್ಟಣದ ಹಳೇ ಪುಸ್ತಕದಂಗಡಿ ಅವುಗಳನ್ನು ರದ್ದಿಯವರಿಂದಲೇ ಕೊಂಡಿತು. ಇವತ್ತು ಲಕ್ಷಗಟ್ಟಲೆ ಪತ್ರ ಉಳಿದಿವೆ, ಅವುಗಳ ಅಧ್ಯಯನಕ್ಕೆ ಬೇರೆಯದೇ ಹೆಸರಿದೆ, ಜಪಾನು ಅಮೆರಿಕದಿಂದ ಜನ ಬಂದು ಓದುತ್ತಾರೆ. ನೆನಪಿಡಿ: ಅವು ಉಳಿದದ್ದು ರದ್ದಿಯವನ ತಕ್ಕಡಿಗೂ ಗಿರಣಿಯ ತೊಟ್ಟಿಗೂ ನಡುವಿನ ದಾರಿಯಲ್ಲಿ.

ನಮ್ಮಲ್ಲಿ ಆ ದಾರಿ ಈಗ ಬಲು ಗಿಡ್ಡ. ಕಾರಣ ಹಲವು. ಮೋಡಿ ಸರಾಗವಾಗಿ ಓದುವ ಹಿರಿಯರು ತಾಲೂಕಿಗೆ ಒಬ್ಬಿಬ್ಬರು ಸಿಕ್ಕರೆ ಪುಣ್ಯ. ಪೇಶ್ವೆಯ ಕಾಲದಿಂದ ಇಲ್ಲಿನ ದಫ್ತರದ ಬರಹ ಮೋಡಿ. ಕುಂದಗೋಳದಂಥ ಊರು 1948ರ ತನಕ ಜಮಖಂಡಿ ಸಂಸ್ಥಾನದ್ದು, ಅಲ್ಲಿಯ ಹಳೆಯ ಕಾಗದವೂ ಅದೇ ಲಿಪಿಯದು. ಇನ್ನೊಂದು, ಮಳೆ. 2019ರಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ನವಲಗುಂದ ಸೀಮೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅಟ್ಟದ ಗಂಟುಗಳೂ ಮಣ್ಣಾದವು. ಉಳಿದ ಮಾಳಿಗೆ ಮನೆಗಳನ್ನು ಮಕ್ಕಳು ಕೆಡವಿ ಆರ್‌ಸಿಸಿ ಹಾಕುತ್ತಿದ್ದಾರೆ, ಅದು ತಪ್ಪಲ್ಲ. ಮಕ್ಕಳು ಬೆಂಗಳೂರು, ಪುಣೆಯಲ್ಲಿ. ಮನೆ ಕೆಡವುವ ದಿನ ಅವರು ಇರುವುದು ಫೋನಿನಲ್ಲಿ.

ಸರಕಾರ ಏನೂ ಮಾಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಹಸೀಲ್ದಾರ ಕಚೇರಿಗಳ ಹಳೇ ದಾಖಲೆಯನ್ನು ಸ್ಕ್ಯಾನ್ ಮಾಡಿಸುತ್ತಿದೆ. ಕೇಂದ್ರ ಸರಕಾರ 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂದು ಹಸ್ತಪ್ರತಿಗಳ ದೊಡ್ಡ ಸಮೀಕ್ಷೆ ಸಾರಿತು. ಒಳ್ಳೆಯದೇ. ಆದರೆ ಮೊದಲನೆಯದು ಸರಕಾರದ ಕಪಾಟಿನೊಳಗಿನ ಕಾಗದಕ್ಕೆ. ಎರಡನೆಯದರ ಕಣ್ಣು ತಾಡೋಲೆ, ಪುರಾಣ, ವಚನದ ಕಟ್ಟುಗಳ ಕಡೆ. ಹತ್ತಿಯ ಲೆಕ್ಕವನ್ನು ಹಸ್ತಪ್ರತಿ ಎಂದು ಯಾರೂ ಕರೆಯುವುದಿಲ್ಲ. ನಾವೂ ಹಾಗೇ ಬೆಳೆದವರು. ಶಾಸನ ಕಂಡರೆ ಅರಿಶಿಣ ಕುಂಕುಮ ಹಚ್ಚುತ್ತೇವೆ. ದೀಪಾವಳಿ ಅಮವಾಸ್ಯೆಗೆ ಅಂಗಡಿಯ ಹೊಸ ಖಾತೆ ಕಿರ್ದಿಗೆ ಪೂಜೆ ಮಾಡಿ, ಹಳೆಯದನ್ನು ಮರುವಾರ ಮೂಲೆಗೆ ಒಗೆಯುತ್ತೇವೆ. ಕಾಯಿದೆಯ ಕಣ್ಣಿಗಾದರೂ ಭೇದವಿಲ್ಲ: 1972ರ ಪ್ರಾಚ್ಯವಸ್ತು ಕಾಯಿದೆ, ಎಪ್ಪತ್ತೈದು ವರ್ಷ ದಾಟಿದ, ಐತಿಹಾಸಿಕ ಬೆಲೆಯುಳ್ಳ ಕೈಬರಹವನ್ನೂ ಪ್ರಾಚ್ಯವಸ್ತುವೆಂದೇ ಎಣಿಸುತ್ತದೆ.

ಇನ್ನೊಂದು ಕಾರಣವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಹಳೇ ವಹಿಯಲ್ಲಿ ಸಾಲ ಇರುತ್ತದೆ, ಒತ್ತೆ ಇರುತ್ತದೆ, ಯಾರದೋ ಹೊಲ ಯಾವ ಹಂಗಾಮಿನಲ್ಲಿ ಯಾರ ಹೆಸರಿಗೆ ಹೋಯಿತು ಎಂಬುದಿರುತ್ತದೆ. ಊರಿನಲ್ಲಿ ಇವತ್ತಿಗೂ ಮುಖಾಮುಖಿ ಕೂರುವ ಎರಡು ಮನೆತನದ ನಡುವೆ ಅದನ್ನು ತೆರೆಯುವುದು ಬೇಡ ಎಂಬ ಅಳುಕು ಸಹಜ. ವಹಿ ಸಾಲ ಕೊಟ್ಟವನ ಬಾಯಿ. ಅದರಲ್ಲಿ ಬರೆದದ್ದೆಲ್ಲ ನ್ಯಾಯವಲ್ಲ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಪತ್ರಗಳನ್ನೇ ಕಸಿದು ಸುಟ್ಟದ್ದು ಸುಮ್ಮನೆ ಅಲ್ಲ. ಹಾಗಿದ್ದರೂ ಅನ್ಯಾಯದ ಸಾಕ್ಷಿಯೂ ಇದೇ ಕಾಗದ. ಸುಟ್ಟರೆ ಸಾಲಗಾರನ ಪರವಾಗಿ ನುಡಿಯುವುದಕ್ಕೂ ಏನೂ ಉಳಿಯದು. ಹೆಸರುಗಳ ಬಗ್ಗೆ ಅಳುಕಿರುವ ಮನೆಯವರು ಇಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಷರತ್ತು ಹಾಕಿ ಕೊಡಬಹುದು. ಪತ್ರಾಗಾರಗಳಲ್ಲಿ ಅಂಥ ಪದ್ಧತಿ ಹೊಸದಲ್ಲ.

ಈ ಜಿಲ್ಲೆಯಲ್ಲಿ ಸಂಸ್ಥೆಗಳಿಗೆ ಬರ ಇಲ್ಲ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ, 1939ರಿಂದ ಶಾಸನ ಹಸ್ತಪ್ರತಿ ಕೂಡಿಸುತ್ತ ಬಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಇದೆ. ಕೈಫಿಯತ್ತುಗಳಂಥ ಒಣ ಸರಕಾರಿ ಬರಹವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟ ಮೇಲೇ ನಮಗೆ ಅದರ ಬೆಲೆ ತಿಳಿದದ್ದು. ವಹಿಗಳಿಗೆ ಆ ಭಾಗ್ಯ ಇನ್ನೂ ಬರಬೇಕು. ಧಾರವಾಡದಲ್ಲಿ ವರ್ಷಕ್ಕೊಂದು ಬೇಸಿಗೆ ಮೋಡಿ ಶಿಬಿರ ನಡೆಯಲಿ. ಓದಬಲ್ಲ ಹಿರಿಯರು ಇರುವಾಗಲೇ ಇಪ್ಪತ್ತು ಹುಡುಗರು ಕಲಿಯಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಗ್ರಂಥಪಾಲಕರಿದ್ದಾರೆ, ಕಂಪ್ಯೂಟರು ಇದೆ. ಯಾವ ಊರಿನ ಯಾವ ಮನೆಯಲ್ಲಿ ಎಷ್ಟು ಗಂಟು ಇದೆ ಎಂಬ ಪಟ್ಟಿ ಮಾಡಲು ಇನ್ನೇನೂ ಬೇಡ. ಗುಜರಿ ಅಂಗಡಿಯವರನ್ನೂ ಮರೆಯಬಾರದು. ಕೈಬರಹದ ಕಟ್ಟು ಬಂದರೆ ರದ್ದಿಯ ಬೆಲೆಯ ಮೇಲೆ ಎರಡು ಪಟ್ಟು ಕೊಡುವ ಒಂದು ಫೋನ್ ನಂಬರು ಅವರ ಗೋಡೆಯ ಮೇಲೆ ಇದ್ದರೆ, ಅರ್ಧ ಕೆಲಸ ಆದಂತೆ. ತುನ್‌ಷಿಯ ಪುಸ್ತಕದಂಗಡಿ ಮಾಡಿದ್ದು ಇದನ್ನೇ.

ಮನೆಯವರಲ್ಲಿ ನಮ್ಮ ಬಿನ್ನಹ ಸಣ್ಣದು. ಈ ಮುಂಗಾರಿಗೆ ಮುಂಚೆ ಅಟ್ಟ ಹತ್ತಿ ನೋಡಿರಿ. ಗಂಟು ಸಿಕ್ಕರೆ ಹಗ್ಗ ಬಿಚ್ಚಿ ಹಾಳೆಗಳನ್ನು ಹಂಚಿಕೊಳ್ಳಬೇಡಿರಿ. ಯಾವ ವಹಿಯ ಪಕ್ಕ ಯಾವುದಿತ್ತು ಎಂಬುದೂ ಓದುವವನಿಗೆ ಬೇಕು. ಪಾರದರ್ಶಕ ಟೇಪು ಹಚ್ಚಬೇಡಿರಿ, ಲ್ಯಾಮಿನೇಶನ್ ಬೇಡವೇ ಬೇಡ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ನ್ಯಾಫ್ತಲೀನ್ ಗುಳಿಗೆ ತಾಗದಂತೆ, ಗೋಡೆಯ ಹಸಿ ತಗಲದ ಕಡೆ ಎತ್ತರದಲ್ಲಿ ಇಡಿರಿ. ಒಂದು ಚೀಟಿಯಲ್ಲಿ ಮನೆತನದ ಹೆಸರು, ಊರು, ಗಂಟು ಸಿಕ್ಕ ಜಾಗ ಬರೆದು ಒಳಗೆ ಸೇರಿಸಿರಿ. ಆಮೇಲೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೋ ರಾಜ್ಯ ಪತ್ರಾಗಾರ ಇಲಾಖೆಗೋ ಒಂದು ಪತ್ರ ಹಾಕಿರಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಡಿರಿ. ಒಂದು ದಿನ ಬಂದು ಫೋಟೋ ತೆಗೆದುಕೊಂಡು ಹೋಗಲು ಬಿಡಿರಿ. ಬಂದವರಿಗೆ ಒಂದು ಕಪ್ಪು ಚಾ ಕೊಟ್ಟರೆ ಸಾಕು.